ಕವಲಿನ ಪಿಷ್ಟವನ್ನೂ ಬಿಡದ ಯೀಸ್ಟ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ರೈತರು ಮೆಕ್ಕೆಜೋಳದ ಬೀಜ ಕೊಳ್ಳುವಾಗ ತಳಿ ಯಾವುದು, ತೆನೆ ಎಷ್ಟು ದಪ್ಪ, ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ ಎಂದು ಕೂಲಂಕಷವಾಗಿ ವಿಚಾರಿಸುತ್ತಾರೆ. ಆ ಕಾಳು ಎಥೆನಾಲ್ ಘಟಕ ಸೇರಿದರೆ ಅಲ್ಲಿ ಇನ್ನೊಂದು ತಳಿಯ ಆಯ್ಕೆ ನಡೆಯುತ್ತದೆ, ಯೀಸ್ಟ್‌ನದು. ಅದರ ಬಗ್ಗೆ ನಾವು ಮಾತಾಡುವುದೇ ಇಲ್ಲ. ಮಾತಾಡಬೇಕು.

ಒಣ ಮೆಕ್ಕೆಜೋಳದಲ್ಲಿ ಸುಮಾರು ಶೇ 70ರಷ್ಟು ಪಿಷ್ಟ. ಬ್ರೆಡ್ಡಿಗೂ ಬಿಯರಿಗೂ ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್‌ಗೆ ಪಿಷ್ಟ ದಕ್ಕುವುದಿಲ್ಲ; ಗ್ಲೂಕೋಸ್, ಮಾಲ್ಟೋಸ್‌ನಂಥ ಚಿಕ್ಕ ಸಕ್ಕರೆಗಳೇ ಬೇಕು. ಅದಕ್ಕೇ ಘಟಕದಲ್ಲಿ ಹಿಟ್ಟನ್ನು ಬೇಯಿಸಿ ಆಲ್ಫಾ ಅಮೈಲೇಸ್ ಕಿಣ್ವದಿಂದ ತುಂಡರಿಸಿ, ಆಮೇಲೆ ಗ್ಲುಕೋಅಮೈಲೇಸ್ ಹಾಕುತ್ತಾರೆ. ಈ ಎರಡನೆಯದು ತುದಿಯಿಂದ ಒಂದೊಂದೇ ಗ್ಲೂಕೋಸ್ ಬಿಡಿಸುತ್ತದೆ, ಪಿಷ್ಟ ಕವಲೊಡೆದ ಕಡೆಯೂ ಕತ್ತರಿಸುತ್ತದೆ. ಹೀಗೆ ಒಂದು ಟನ್ ಕಾಳಿನಿಂದ ಸುಮಾರು 380 ಲೀಟರ್ ಎಥೆನಾಲ್.

ಬಿಯರ್‌ನಲ್ಲಿ ಈ ಕೆಲಸ ಮೊಳಕೆ ಬಾರ್ಲಿಯ ಕಿಣ್ವಗಳದು. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಸಿಹಿಯಾಗುವುದೂ ಇಂಥವೇ ಕಿಣ್ವಗಳಿಂದ. ಆದರೆ ಕವಲುಗಳ ಬಳಿ ಅವು ಬಹುಮಟ್ಟಿಗೆ ಸೋಲುತ್ತವೆ. ಉಳಿದ ಡೆಕ್ಸ್‌ಟ್ರಿನ್ ತುಣುಕುಗಳನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದಿಲ್ಲ. ಮುಟ್ಟುವ ಯೀಸ್ಟ್‌ಗಳೂ ಇವೆ.

ಬೆಲ್ಜಿಯಂನ ವಲೋನಿಯ ಪ್ರಾಂತ್ಯದ ಹೊಲಮನೆಗಳಲ್ಲಿ ಹುಟ್ಟಿದ ಬಿಯರ್ 'ಸೇಸಾನ್'. ಚಳಿಗಾಲದಲ್ಲಿ ತಯಾರಿಸಿಟ್ಟು, ಬೇಸಿಗೆಯಲ್ಲಿ ಹೊಲದ ಆಳುಗಳಿಗೆ ಕೊಡುತ್ತಿದ್ದರು. ಬಹುಪಾಲು ಸೇಸಾನ್ ಯೀಸ್ಟ್ ತಳಿಗಳು 'ಡಯಾಸ್ಟ್ಯಾಟಿಕಸ್' ಗುಂಪಿನವು. ಎರಡು ಹಳೆಯ ವಂಶವಾಹಿಗಳು ಬೆಸೆದುಕೊಂಡು ಹುಟ್ಟಿದ ಎಸ್‌ಟಿಎ1 ಎಂಬ ವಂಶವಾಹಿ ಅವುಗಳಲ್ಲಿದೆ. ಅದರ ಬಲದಿಂದ ಅವು ಗ್ಲುಕೋಅಮೈಲೇಸನ್ನು ತಾವೇ ತಯಾರಿಸಿ ಹೊರಬಿಡುತ್ತವೆ. ನನಗೆ ಇಡೀ ಕಥೆಯಲ್ಲಿ ಅತಿ ಸೊಗಸೆನಿಸುವ ಸಂಗತಿ ಇದು: ಘಟಕದವರು ದುಡ್ಡು ಕೊಟ್ಟು ತರುವ ಕಿಣ್ವ ಈ ಹಳ್ಳಿ ಯೀಸ್ಟ್‌ಗೆ ಹುಟ್ಟಿನಿಂದಲೇ ಬಂದಿದೆ.

ಒಂದೇ ಸಿಹಿ ರಸವನ್ನು ಜಾಡಿಗಳಿಗೆ ಹಂಚಿ, ಒಂದೊಂದಕ್ಕೆ ಒಂದೊಂದು ತಳಿ ಬಿಟ್ಟು, ಬಿಸಿಯನ್ನೂ ಯೀಸ್ಟ್‌ನ ಪ್ರಮಾಣವನ್ನೂ ಸಮವಾಗಿಟ್ಟರೆ ವ್ಯತ್ಯಾಸ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲೇ ಕಾಣುತ್ತದೆ. 'ಏಲ್' ಬಗೆಯ ಬಿಯರಿನ ಸಾಮಾನ್ಯ ಯೀಸ್ಟ್ ಮುಕ್ಕಾಲು ಪಾಲು ಸಿಹಿ ಇಳಿಸಿ ನಿಲ್ಲುತ್ತದೆ. ಸೇಸಾನ್ ಯೀಸ್ಟ್ ಹತ್ತರಲ್ಲಿ ಒಂಬತ್ತು ಪಾಲು ದಾಟುತ್ತದೆ. ಪರಿಮಳವೂ ಬೇರೆ. ಕೆಲವು ತಳಿಗಳು ಧಾನ್ಯದ ಫೆರುಲಿಕ್ ಆಮ್ಲದಿಂದ ಲವಂಗದ ವಾಸನೆ ಹೊರಡಿಸುತ್ತವೆ. ಹಾಪ್ಸ್ ಹೂವು ಹೆಚ್ಚು ಹಾಕಿದ್ದರೆ ಅದರ ಜೆರಾನಿಯಾಲ್ ಎಂಬ ಅಂಶವನ್ನು ನಿಂಬೆಯ ಘಮದ ಸಿಟ್ರೊನೆಲ್ಲಾಲ್ ಆಗಿಸುತ್ತವೆ. ಇದೇ ಯೀಸ್ಟ್ ಬೇರೆ ಬಗೆಯ ಬಿಯರಿಗೆ ತಪ್ಪಿ ಬೆರೆತರೆ ಅಪಾಯ: ಬಾಟಲಿಯೊಳಗೂ ಡೆಕ್ಸ್‌ಟ್ರಿನ್ ತಿನ್ನುತ್ತಲೇ ಹೋಗಿ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಹಾಗಾಗಿ ಜಾಡಿಗಳ ಈ ಹೋಲಿಕೆ ನಡೆಯಬೇಕಾದ್ದು ಪ್ರಯೋಗಾಲಯದಲ್ಲಿ, ಬೆಂಗಳೂರಿನ ಮೈಕ್ರೋಬ್ರೂವರಿಗಳಂಥ ಕಡೆ.

ಅಮೆರಿಕದ ಮೆಕ್ಕೆಜೋಳದ ಎಥೆನಾಲ್ ಘಟಕಗಳಲ್ಲಿ ಗ್ಲುಕೋಅಮೈಲೇಸ್ ತಾನೇ ತಯಾರಿಸುವ ಕುಲಾಂತರಿ ಯೀಸ್ಟ್ ಈಗಾಗಲೇ ಬಳಕೆಯಲ್ಲಿದೆ. ನಮ್ಮ ಸೀಮೆಗೆ ಅದಕ್ಕಿಂತ ಮುಖ್ಯವಾದ ಗುಣ ಬಿಸಿ ತಾಳುವುದು ಎಂದು ನನ್ನ ಎಣಿಕೆ. ಏಲ್ ಯೀಸ್ಟ್‌ಗೆ 18ರಿಂದ 22 ಡಿಗ್ರಿ ಹಿತ. ಸೇಸಾನ್ ತಳಿಗಳು 30 ದಾಟಿದರೂ ಸಲೀಸಾಗಿ ದುಡಿಯುತ್ತವೆ. ಹುದುಗುವಾಗ ತೊಟ್ಟಿಯೂ ತಾನಾಗಿ ಬಿಸಿಯೇರುತ್ತದೆ. ಬರ ಕಂಡ ಜಗಳೂರಿನಂಥ ಕಡೆ ಅದನ್ನು ತಣಿಸಲು ಬೇಕಾಗುವ ನೀರು ಸಣ್ಣ ಲೆಕ್ಕವಲ್ಲ. ಬಿಸಿ ತಾಳುವ ತಳಿ ಆರಿಸಿದಷ್ಟೂ ಆ ನೀರು ಉಳಿಯುತ್ತದೆ.