ಸ್ಪರ್ಧೆಗೆ ಹೋದ ಚಿತ್ರ, ಊರಿಗೆ ಉಳಿದ ಚಿತ್ರ

ಕನ್ನಡದಲ್ಲಿ 'ಹವ್ಯಾಸಿ' ಎಂಬ ಮಾತಿಗೆ ಒಂದು ಗೌರವವಿದೆ. ರಂಗಭೂಮಿಯಲ್ಲಿ ವೃತ್ತಿ ಕಂಪನಿಗಳು ಒಂದು ಕಡೆ, ಹವ್ಯಾಸಿ ತಂಡಗಳು ಇನ್ನೊಂದು ಕಡೆ ಎಂಬ ವಿಂಗಡಣೆ ಹಳೆಯದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ದಾವಣಗೆರೆಯ ಜನರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೃತ್ತಿಯವರು ಕಲೆಯಿಂದಲೇ ಸಂಸಾರ ಸಾಗಿಸಬೇಕು. ಹವ್ಯಾಸಿಯಾದವನು ಹೊಟ್ಟೆಪಾಡಿಗೆ ಬೇರೊಂದು ಕೆಲಸ ಮಾಡಿ, ಉಳಿದ ಹೊತ್ತನ್ನೂ ಉಳಿಸಿದ ಹಣವನ್ನೂ ಕಲೆಗೆ ಸುರಿಯುತ್ತಾನೆ.

ಛಾಯಾಗ್ರಹಣದಲ್ಲೂ ಇದೇ ಭೇದ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ಇವೆಲ್ಲ ಸ್ಟುಡಿಯೋದವರ ಕೆಲಸ. ಭಾನುವಾರ ನಸುಕಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಹರಿಹರದ ಹೊಳೆ ದಂಡೆಗೆ ಹೊರಡುವ ಬ್ಯಾಂಕ್ ನೌಕರ, ಮೇಷ್ಟರು, ವೈದ್ಯ, ಕಾರ್ಖಾನೆಯ ಮೆಕ್ಯಾನಿಕ್ ಹವ್ಯಾಸಿಗಳು. ಇಂಥವರು ನಾಲ್ಕಾರು ಮಂದಿ ಕೂಡಿದಲ್ಲಿ ಒಂದು ಕ್ಯಾಮೆರಾ ಕ್ಲಬ್ ಹುಟ್ಟುತ್ತದೆ. ಕ್ಲಬ್ ಹುಟ್ಟಿದಲ್ಲಿ ಸ್ಪರ್ಧೆಯೂ ಹುಟ್ಟುತ್ತದೆ. ಈ ಸ್ಪರ್ಧೆಗಳು ಏನನ್ನು ಕಲಿಸುತ್ತವೆ, ಏನನ್ನು ಬಿಟ್ಟುಬಿಡುತ್ತವೆ ಎಂಬುದು ಕ್ಲಬ್ಬಿನ ಒಳಗಿನವರಷ್ಟೇ ಅಲ್ಲ, ಊರಿನವರೂ ಯೋಚಿಸಬೇಕಾದ ಸಂಗತಿ.

ವೈದ್ಯನ ಕೈಯಲ್ಲಿ ಕ್ಯಾಮೆರಾ

ಫ್ರಾನ್ಸಿನ ದಾಗೆರ್ ಕಂಡುಹಿಡಿದ ವಿಧಾನವನ್ನು 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಬಹಿರಂಗಪಡಿಸಲಾಯಿತು. ವಿಶ್ವ ಛಾಯಾಗ್ರಹಣ ದಿನವನ್ನು ಆಗಸ್ಟ್ 19ರಂದು ಆಚರಿಸುವುದು ಅದರ ನೆನಪಿಗಾಗಿ. ಹದಿನೈದೇ ವರ್ಷಗಳಲ್ಲಿ, ಅಂದರೆ 1854ರಲ್ಲಿ, ಬೊಂಬಾಯಿಯಲ್ಲಿ ಛಾಯಾಗ್ರಹಣ ಸಂಘವೊಂದು ಆರಂಭವಾಯಿತು. 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಸಂಘಗಳು ಹುಟ್ಟಿಕೊಂಡವು. ಆ ಕಾಲದಲ್ಲಿ ಕ್ಯಾಮೆರಾ ಹಿಡಿದವರಲ್ಲಿ ಹೆಚ್ಚಿನವರು ಸೈನ್ಯಾಧಿಕಾರಿಗಳು, ವೈದ್ಯರು, ಕಂಪನಿ ಸರ್ಕಾರದ ನೌಕರರು. ಛಾಯಾಗ್ರಹಣ ಅವರ ಮೂಲ ಕಸುಬಾಗಿರಲಿಲ್ಲ.

ಈ ಮೊದಲ ಅಲೆ ಹರಿಹರವನ್ನೂ ಮುಟ್ಟಿತು. ಸ್ಮಾರಕಗಳ ಚಿತ್ರ ತೆಗೆಯಲು ಬೊಂಬಾಯಿ ಸರ್ಕಾರ 1855ರಲ್ಲಿ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ನೇಮಿಸಿತು. ಅವನನ್ನು ಸೈನ್ಯ ಹಿಂದಕ್ಕೆ ಕರೆಸಿಕೊಂಡಾಗ ಆ ಕೆಲಸ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಪಿಗೂ ಎಂಬಾತನಿಗೆ ಬಂತು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ದೊಡ್ಡ ಗ್ರಂಥಕ್ಕೆ ಚಿತ್ರ ಒದಗಿಸಿದವರಲ್ಲಿ ಇವರಿಬ್ಬರೂ ಇದ್ದಾರೆ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ಆ ಗ್ರಂಥದಲ್ಲಿ ಹರಿಹರದ ದೇವಾಲಯವೂ ಸೇರಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹೇಗಿತ್ತು ಎಂಬುದನ್ನು ಕಣ್ಣಾರೆ ನೋಡಲು ಈಗ ನಮಗಿರುವ ದಾರಿ ಅಂಥ ಚಿತ್ರಗಳೇ. ಅವು ಯಾವ ಬಹುಮಾನಕ್ಕೂ ತೆಗೆದವಲ್ಲ. ಈ ಮಾತನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಬೆಂಗಳೂರಿನಿಂದ ಹರಡಿದ ಹವ್ಯಾಸ

ಇಪ್ಪತ್ತನೆಯ ಶತಮಾನದಲ್ಲಿ ಸಂಘಗಳು ಒಂದಕ್ಕೊಂದು ಹೆಣೆದುಕೊಂಡವು. ಛಾಯಾಗ್ರಹಣ ಕಲೆಯ ಅಂತಾರಾಷ್ಟ್ರೀಯ ಒಕ್ಕೂಟ 1950ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೂಪುಗೊಂಡಿತು. ಅದನ್ನು 'ಫಿಯಾಪ್' ಎಂಬ ಹ್ರಸ್ವರೂಪದಲ್ಲಿ ಕರೆಯುವುದು ರೂಢಿ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಸ್ಥಾಪನೆಯಾಯಿತು. ಅದನ್ನು ಕಟ್ಟುವಲ್ಲಿ ಮುಂದಾಗಿ ನಿಂತವರು ಬೆಂಗಳೂರಿನ ಜಿ. ಥಾಮಸ್. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಚಿತ್ರಾತ್ಮಕ ಛಾಯಾಗ್ರಹಣದಲ್ಲಿ ಸಿ. ರಾಜಗೋಪಾಲ್, ವನ್ಯಜೀವಿ ಛಾಯಾಗ್ರಹಣದಲ್ಲಿ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ಅವರ ಹೆಸರು ಹೊರದೇಶಗಳಿಗೂ ತಲುಪಿತು.

ಹವ್ಯಾಸಿ ಎಷ್ಟು ದೂರ ಹೋಗಬಲ್ಲ ಎಂಬುದಕ್ಕೆ ಬಯಲು ಸೀಮೆಯದೇ ಒಂದು ಉದಾಹರಣೆ ಸಂಡೂರಿನ ಎಂ.ವೈ. ಘೋರ್ಪಡೆ ಅವರದು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಬಿಡುವು ಸಿಕ್ಕಿದಾಗ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕಾದು ಕುಳಿತರು. ಫಿಯಾಪ್‌ನ 'ಮಾಸ್ಟರ್' ಗೌರವವನ್ನೂ ಪಡೆದರು. 1983ರಲ್ಲಿ ಅವರ ವನ್ಯಜೀವಿ ಛಾಯಾಚಿತ್ರಗಳ ಪುಸ್ತಕ ಪ್ರಕಟವಾಯಿತು.

ಹೆಸರಿಲ್ಲದ ಚಿತ್ರದ ಪರೀಕ್ಷೆ

ಜಿಲ್ಲಾ ಕೇಂದ್ರಗಳ ಕ್ಲಬ್ಬುಗಳ ಕಾರ್ಯಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ತಿಂಗಳಿಗೊಂದು ಸಭೆ, ಆಗಾಗ ಹೊರಸಂಚಾರ, ಅನುಭವಿಗಳಿಂದ ಪ್ರಾತ್ಯಕ್ಷಿಕೆ, ವರ್ಷಕ್ಕೊಮ್ಮೆ ಪ್ರದರ್ಶನ. ಇವುಗಳ ನಡುವೆ ಜೀವ ತುಂಬುವುದು ಸ್ಪರ್ಧೆ. ಒಂದು ತಿಂಗಳು 'ನೆರಳು', ಮತ್ತೊಂದು ತಿಂಗಳು 'ದುಡಿಯುವ ಕೈಗಳು' ಎಂದು ವಿಷಯ ಕೊಡುತ್ತಾರೆ. ಪ್ರತಿಯೊಬ್ಬರೂ ಒಂದೆರಡು ಚಿತ್ರ ತಂದಿಡುತ್ತಾರೆ.

ಇದರ ಮುಖ್ಯ ನಿಯಮ ತುಂಬ ಸರಳ. ಚಿತ್ರ ತೆಗೆದವರ ಹೆಸರು ತೀರ್ಪುಗಾರರಿಗೆ ತಿಳಿಯಬಾರದು. ಹೆಸರು ಮುದ್ರಣದ ಬೆನ್ನಿಗಿರುತ್ತದೆ, ಎದುರಿಗೆ ಕಾಣುವುದು ಚಿತ್ರ ಮಾತ್ರ. ಡಾಕ್ಟರ ಚಿತ್ರವೂ ಅವರ ಕಾಂಪೌಂಡರನ ಚಿತ್ರವೂ ಒಂದೇ ಮೇಜಿನ ಮೇಲೆ ಸಮನಾಗಿ ನಿಲ್ಲುತ್ತವೆ. ಊರಿನ ಬೇರೆ ಸಭೆಗಳಲ್ಲಿ ಇಂಥ ಸಮಾನತೆ ಸುಲಭವಾಗಿ ಸಿಗುವುದಿಲ್ಲ.

'ಸಲೋನ್' ಎಂದು ಕರೆಯುವ ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮೂವರು ತೀರ್ಪುಗಾರರಿರುತ್ತಾರೆ. ಕಪ್ಪು ಬಿಳುಪು, ವರ್ಣ, ನಿಸರ್ಗ, ಪ್ರವಾಸ, ಪತ್ರಿಕಾ ಛಾಯಾಗ್ರಹಣ ಎಂದು ವಿಭಾಗಗಳು. ಒಂದೊಂದು ವಿಭಾಗಕ್ಕೆ ಒಬ್ಬರಿಂದ ನಾಲ್ಕು ಚಿತ್ರ ಎಂಬುದು ಬಹುಕಡೆ ರೂಢಿ. ಮೂವರ ಅಂಕಗಳನ್ನು ಕೂಡಿಸಿದಾಗ ಗೊತ್ತಾದ ಗೆರೆಯನ್ನು ದಾಟಿದ ಚಿತ್ರ 'ಸ್ವೀಕೃತ'. ಸ್ವೀಕೃತವಾದವುಗಳಲ್ಲಿ ಕೆಲವಕ್ಕೆ ಮಾತ್ರ ಪದಕ. ಹೀಗೆ ಹಲವು ದೇಶಗಳ ಸಲೋನ್‌ಗಳಲ್ಲಿ ನಿಗದಿಯಾದಷ್ಟು ಸ್ವೀಕೃತಿ ಸಂಪಾದಿಸಿದವರು ಫಿಯಾಪ್‌ನ ಬಿರುದಿಗೆ ಅರ್ಹರಾಗುತ್ತಾರೆ. ಎ.ಎಫ್.ಐ.ಎ.ಪಿ. ಮೊದಲ ಮೆಟ್ಟಿಲು, ಇ.ಎಫ್.ಐ.ಎ.ಪಿ. ಅದರ ಮೇಲಿನದು, ಎಂ.ಎಫ್.ಐ.ಎ.ಪಿ. ತುತ್ತತುದಿಯದು. ಕೆಲವು ಛಾಯಾಗ್ರಾಹಕರ ಹೆಸರಿನ ಮುಂದೆ ಪದವಿಯಂತೆ ಕಾಣುವ ಅಕ್ಷರಗಳ ಅರ್ಥ ಇಷ್ಟೆ.

ಫಿಲ್ಮ್ ಕಾಲದಲ್ಲಿ ಈ ದಾರಿ ಬಹಳ ದುಬಾರಿ. ಒಂದು ರೋಲಿಗೆ ಮೂವತ್ತಾರು ಚಿತ್ರ. ಒಂದೊಂದು ಸಲ ಗುಂಡಿ ಒತ್ತುವಾಗಲೂ ಕಾಸಿನ ಲೆಕ್ಕ. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಕುಳಿತು ದೊಡ್ಡ ಮುದ್ರಣ ತೆಗೆದು, ಮಡಿಕೆ ಬೀಳದಂತೆ ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಬೇಕಿತ್ತು. ತಿಂಗಳುಗಳ ಮೇಲೆ ಅದು ಮರಳಿ ಬಂದಾಗ ಬೆನ್ನಿಗೆ ಆಯಾ ಸಲೋನಿನ ಚೀಟಿ ಅಂಟಿರುತ್ತಿತ್ತು. ಹಲವು ದೇಶ ಸುತ್ತಿದ ಮುದ್ರಣದ ಬೆನ್ನು ಚೀಟಿಗಳಿಂದ ತುಂಬಿಹೋಗುತ್ತಿತ್ತು.

ಆದರೆ ಕಲಿಕೆ ಹೆಚ್ಚಾಗಿ ಸೋತ ಚಿತ್ರದಿಂದಲೇ. ಹರಿಹರೇಶ್ವರ ಗುಡಿಯ ಮಂಟಪವನ್ನೇ ನೋಡಬಹುದು. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕತ್ತಲು, ನಡುವೆ ಚರಕಿ ಹಿಡಿದಂತೆ ನುಣುಪಾದ ಕಂಬಗಳು. ಬೆಳಗಿನ ಬಿಸಿಲಿನಲ್ಲಿ ನಿಂತ ಭಕ್ತನ ಚಿತ್ರಕ್ಕೆ, 100 ವೇಗದ ಫಿಲ್ಮ್ ಇದ್ದರೆ ಎಫ್ 16 ರಂಧ್ರಕ್ಕೆ ಸೆಕೆಂಡಿನ 125ನೇ ಒಂದು ಭಾಗ ಸಾಕು. ಅದೇ ಅಳತೆಯಲ್ಲಿ ಒಳಗಿನ ಕಂಬ ತೆಗೆದರೆ ಬರೀ ಕಪ್ಪು. ಕಂಬಕ್ಕೆ ತಕ್ಕಂತೆ ಬೆಳಕು ಬಿಟ್ಟರೆ ಹೊರಗಿನದೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. ಎರಡರಲ್ಲಿ ಯಾವುದು ಬೇಕೆಂದು ತೆಗೆಯುವವನು ಮೊದಲೇ ನಿರ್ಧರಿಸಬೇಕು. 'ಇದರಲ್ಲಿ ನೀವು ತೋರಿಸಬೇಕೆಂದದ್ದು ಏನು?' ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದಾಗ ಉತ್ತರ ತೋಚದೆ ತಡವರಿಸುವುದೇ ಹವ್ಯಾಸಿಯ ನಿಜವಾದ ಪಾಠ.

ಬೇಲಿಯ ಪ್ರಶ್ನೆ

ಸ್ಪರ್ಧೆಯ ಇನ್ನೊಂದು ಮುಖ ನಿಸರ್ಗ ವಿಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಿಸರ್ಗ ಚಿತ್ರವೆಂದರೆ ಏನು ಎಂಬುದಕ್ಕೆ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು 2014ರಲ್ಲಿ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರ ತಿರುಳು ಇಷ್ಟು: ಚಿತ್ರದಲ್ಲಿ ಮನುಷ್ಯನ ಕೈವಾಡ ಕಾಣಬಾರದು; ಇದಕ್ಕೆ ಕೆಲವೇ ವಿನಾಯಿತಿಗಳು. ಸಾಕಿದ ಪ್ರಾಣಿ, ಬೆಳೆಸಿದ ಗಿಡ ಸಲ್ಲದು. ಚಿತ್ರದ ಅಂಚನ್ನು ಕತ್ತರಿಸಬಹುದು, ಆದರೆ ಇದ್ದುದನ್ನು ತೆಗೆಯುವುದಾಗಲಿ ಇಲ್ಲದ್ದನ್ನು ಸೇರಿಸುವುದಾಗಲಿ ಕೂಡದು. ಜೀವಿಯ ಕ್ಷೇಮ ಚಿತ್ರಕ್ಕಿಂತ ದೊಡ್ಡದು.

ಈ ಕೊನೆಯ ಮಾತು ಹೊಸದಲ್ಲ. 2017ರಲ್ಲಿ ತೀರಿಕೊಂಡ ಪೆರುಮಾಳ್ ಅವರ ತಲೆಮಾರಿನಿಂದಲೂ ಒಳ್ಳೆಯ ಗುರುಗಳು ಶಿಷ್ಯರಿಗೆ ಇದನ್ನು ಹೇಳುತ್ತ ಬಂದಿದ್ದಾರೆ. ಗೂಡಿನ ಮರೆಯ ಕೊಂಬೆ ಸವರಿ ಚಿತ್ರ ತೆಗೆದರೆ ಮರಿಗಳು ಬಿಸಿಲಿಗೂ ಕಾಗೆ ಹದ್ದುಗಳಿಗೂ ಈಡಾಗುತ್ತವೆ. ಪದಕ ಬಂದೀತು, ಗೂಡು ಉಳಿಯದು. ಕಂಪ್ಯೂಟರ್ ತಾನೇ ಇಲ್ಲದ ಹಕ್ಕಿಯನ್ನು ಸೃಷ್ಟಿಸಿಕೊಡುವ ಈ ದಿನಗಳಲ್ಲಿ 'ಇಲ್ಲದ್ದನ್ನು ಸೇರಿಸಬಾರದು' ಎಂಬ ನಿಯಮಕ್ಕೂ ಹೊಸ ಬೆಲೆ ಬಂದಿದೆ. ಅನುಮಾನ ಬಂದರೆ ಕ್ಯಾಮೆರಾದಿಂದ ನೇರ ಬಂದ ಮೂಲ ಕಡತವನ್ನು ಸಂಘಟಕರು ಕೇಳುತ್ತಾರೆ.

ಇಷ್ಟಾದರೂ ಈ ನಿಯಮಕ್ಕೆ ಒಂದು ಮಿತಿಯಿದೆ. ಹರಿಹರದಿಂದ ಹೊಳೆ ದಾಟಿ ಹೋದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ದೂರವೇನಲ್ಲ. 1974ರಲ್ಲಿ ಘೋಷಿತವಾದ ಈ ಅರಣ್ಯದ ಬಹುಭಾಗ ನೆಟ್ಟು ಬೆಳೆಸಿದ ನೀಲಗಿರಿ ತೋಪು. ಸುತ್ತ ಹೊಲಗಳು. ಅಲ್ಲಿ ನೆಗೆಯುವ ಗಂಡು ಚಿಗರಿಯ ಹಿಂದೆ ತಂತಿಬೇಲಿ ಬಂದರೆ ನಿಸರ್ಗ ವಿಭಾಗದಲ್ಲಿ ಆ ಚಿತ್ರಕ್ಕೆ ಜಾಗವಿಲ್ಲ. ಹೀಗಾಗಿ ಸ್ಪರ್ಧಿ ಬೇಲಿ ಕಾಣದ ಮೂಲೆ ಹುಡುಕುತ್ತಾನೆ. ಅದು ಮೋಸವಲ್ಲ, ನಿಯಮಕ್ಕೆ ತಕ್ಕ ಆಯ್ಕೆ. ಆದರೆ ಬಯಲು ಸೀಮೆಯ ಚಿಗರಿ ಇಂದು ಬೇಲಿ, ಹೊಲ, ರಸ್ತೆಗಳ ನಡುವೆಯೇ ಬದುಕುತ್ತಿದೆ ಎಂಬ ಸತ್ಯ ಆ ಸುಂದರ ಚಿತ್ರದಿಂದ ಹೊರಗೆ ಉಳಿಯುತ್ತದೆ. ಅದನ್ನು ಹೇಳುವ ಚಿತ್ರಕ್ಕೆ ಪತ್ರಿಕಾ ವಿಭಾಗವೋ ಕ್ಲಬ್ಬಿನ ಸ್ವಂತ ಪ್ರದರ್ಶನವೋ ಬೇಕು.

ಊರೇ ವಿಷಯವಾದಾಗ

ಬೇಲಿಗೆ ಅನ್ವಯಿಸುವ ಮಾತು ಊರಿಗೂ ಅನ್ವಯಿಸುತ್ತದೆ. ಸ್ಪರ್ಧೆಗಳಲ್ಲಿ ಗೆದ್ದ ಚಿತ್ರಗಳನ್ನು ನೋಡಿ ನೋಡಿ ಹೊಸಬರು ಅದೇ ಮಂಜು, ಅದೇ ದೋಣಿ, ಅದೇ ಸುಕ್ಕುಗಟ್ಟಿದ ಮುಖ ಹುಡುಕಿಕೊಂಡು ದೂರದೂರಿಗೆ ಹೊರಡುತ್ತಾರೆ. ಕಾಲ ಬುಡದಲ್ಲಿರುವುದು ಕಣ್ಣಿಗೆ ಬೀಳುವುದಿಲ್ಲ.

ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಹತ್ತಿ ಗಿರಣಿಗಳ ಸೈರನ್ನಿಗೆ ಊರು ಎದ್ದು ಮಲಗುತ್ತಿತ್ತು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಪಾಳಿ ಮುಗಿಸಿ ಗೇಟಿನಿಂದ ಹೊರಬರುವ ಕಾರ್ಮಿಕರ ಸಾಲು, ನೂಲಿನ ಧೂಳು ಕೂತ ತಲೆಗಳು, ಕ್ಯಾಂಟೀನಿನ ಬೆಂಚು ಇವನ್ನು ಇನ್ನು ಯಾವ ಕ್ಯಾಮೆರಾವೂ ತೆಗೆಯಲಾರದು. ಆಗ ಯಾರಾದರೂ ತೆಗೆದಿಟ್ಟಿದ್ದರೆ ಮಾತ್ರ ಉಂಟು.

ಇಂದಿಗೂ ಉಳಿದಿರುವುದು ಕಡಿಮೆಯೇನಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನೊಳಗೆ ಅಕ್ಕಿ ಅರಳುವಾಗ ಹೊಗೆಯ ನಡುವೆ ತೂರಿ ಬರುವ ಬಿಸಿಲಕೋಲು, ಸೌದೆ ಒಲೆಯ ಹೆಂಚಿನ ಮೇಲೆ ಬೆಣ್ಣೆ ದೋಸೆ ಮಗುಚುವ ಕೈ, ದುರ್ಗಾಂಬಿಕಾ ಜಾತ್ರೆಯ ಜನಸಾಗರ, ಸೂಳೆಕೆರೆಯ ಏರಿಯ ಮೇಲಿನ ಸಂಜೆ, ಬೇಸಿಗೆಯಲ್ಲಿ ಬತ್ತಿ ಬಂಡೆ ತೋರುವ ತುಂಗಭದ್ರೆ. ಬೆಳಕು ನೆರಳಿನ ಪಾಠಕ್ಕೂ ಇವು ಒಳ್ಳೆಯ ವಿಷಯಗಳೇ. ಹೊಗೆಯನ್ನು ಎದುರು ಬೆಳಕಿನಲ್ಲಿ ಹಿಡಿಯಬೇಕು, ಬೆನ್ನ ಹಿಂದಿನ ಬೆಳಕಿನಲ್ಲಿ ಅದು ಮಾಯವಾಗುತ್ತದೆ ಎಂಬುದನ್ನು ಭಟ್ಟಿಗಿಂತ ಚೆನ್ನಾಗಿ ಕಲಿಸುವ ಜಾಗ ಸಿಗುವುದು ಕಷ್ಟ. ದಾವಣಗೆರೆಯಲ್ಲಿ 1964ರಿಂದ ನಡೆದುಬಂದಿರುವ ದೃಶ್ಯಕಲಾ ಮಹಾವಿದ್ಯಾಲಯವೂ ಇದೆ. ಚಿತ್ರದ ಚೌಕಟ್ಟು, ಬಣ್ಣ, ತೂಕಗಳ ಬಗ್ಗೆ ಹವ್ಯಾಸಿಗಳು ಕಲಿಯಬೇಕೆಂದರೆ ಅದಕ್ಕೂ ಊರು ಬಿಟ್ಟು ಹೋಗಬೇಕಾಗಿಲ್ಲ.

ಎಲ್ಲರ ಜೇಬಿನಲ್ಲೂ ಮೊಬೈಲ್ ಕ್ಯಾಮೆರಾ ಇರುವಾಗ ಕ್ಲಬ್ ಏತಕ್ಕೆ ಎಂದು ಕೇಳುವವರಿದ್ದಾರೆ. ಚಿತ್ರಗಳ ಸಂಖ್ಯೆ ಸಾವಿರ ಪಾಲು ಹೆಚ್ಚಿರುವುದು ನಿಜ. ಆದರೆ ಆರಿಸುವವರಿಲ್ಲದ ರಾಶಿ ಕಣಜವಾಗುವುದಿಲ್ಲ. ಹಳೆಯ ಫೋನಿನ ಜೊತೆಗೇ ಅದರೊಳಗಿನ ಊರೂ ಕಸಕ್ಕೆ ಹೋಗುತ್ತದೆ. ಸ್ಪರ್ಧೆಯಲ್ಲಿ ಪಳಗಿದ ಕಣ್ಣಿಗೆ ಆರಿಸುವುದು ಗೊತ್ತು. ಆ ಕಣ್ಣು ವರ್ಷಕ್ಕೊಂದು ಬೀದಿಯನ್ನೋ ಒಂದು ಕಸುಬನ್ನೋ ಹಿಡಿದು, ಅಂಕ ಪದಕಗಳ ಹಂಗಿಲ್ಲದೆ ಚಿತ್ರಿಸಿ, ಮುದ್ರಿಸಿ ಗ್ರಂಥಾಲಯಕ್ಕೆ ಒಪ್ಪಿಸಿದರೆ ಊರಿಗೆ ಒಂದು ಆಸ್ತಿಯಾಗುತ್ತದೆ. ಇದಕ್ಕೆ ದೊಡ್ಡ ಖರ್ಚು ಬೇಡ. ಮುದ್ರಣದ ಬೆನ್ನಿಗೆ ಸಲೋನಿನ ಚೀಟಿ ಇರಲಿ, ಇಲ್ಲದಿರಲಿ. ತೆಗೆದ ದಿನ, ಜಾಗ, ಚಿತ್ರದಲ್ಲಿರುವವರ ಕೆಲಸ ಇವನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ ಸಾಕು. ಐವತ್ತು ವರ್ಷದ ನಂತರ ಆ ಚಿತ್ರವನ್ನು ಕೈಗೆತ್ತಿಕೊಳ್ಳುವವರು ಮೊದಲು ತಿರುಗಿಸಿ ನೋಡುವುದು ಅದರ ಬೆನ್ನನ್ನೇ.