ಖಾಲಿ ಪೆಟ್ಟಿಗೆಗೂ ಬೆಲೆಯುಂಟು: ಪುಟಾಣಿ ಕಾರುಗಳ ವಾರಾಂತ್ಯದ ಸಂತೆ

ಇಂಗ್ಲೆಂಡಿನ ಕುದುರೆ ಪಂದ್ಯದ ಮೈದಾನಗಳಲ್ಲಿ ಪಂದ್ಯವಿಲ್ಲದ ಕೆಲವು ವಾರಾಂತ್ಯಗಳಂದು ಬೇರೊಂದು ಬಗೆಯ ವಹಿವಾಟು ನಡೆಯುತ್ತದೆ. ಲಂಡನ್ನಿನ ಹೊರವಲಯದ ಸ್ಯಾಂಡೌನ್ ಪಾರ್ಕ್, ಉತ್ತರದ ಡಾಂಕಾಸ್ಟರ್ ಮೊದಲಾದೆಡೆಗಳ ಸಭಾಂಗಣಗಳಲ್ಲಿ ಮೇಜುಗಳನ್ನು ಸಾಲಾಗಿ ಹಾಕಿ ವರ್ತಕರಿಗೆ ಬಾಡಿಗೆಗೆ ಕೊಡಲಾಗುತ್ತದೆ. ಮಾರಾಟಕ್ಕಿರುವ ಸರಕಿನಲ್ಲಿ ಹೆಚ್ಚಿನವು ಅಂಗೈಯಲ್ಲಿ ಅಡಗುವ ಲೋಹದ ಕಾರುಗಳು. ಕೊಳ್ಳಲು ಬರುವವರು ಮಕ್ಕಳಲ್ಲ, ಬಹುಪಾಲು ನಡುವಯಸ್ಸು ದಾಟಿದ ಗೃಹಸ್ಥರು. ಸಾಮಾನ್ಯ ಪ್ರವೇಶಕ್ಕಿಂತ ಮೊದಲೇ ಒಳಹೋಗಬಯಸುವವರಿಗೆ ಹೆಚ್ಚಿನ ದರದ ಚೀಟಿಯೂ ಇರುವುದುಂಟು. ಒಳ್ಳೆಯ ಸರಕು ಬೆಳಗಿನ ಮೊದಲ ಗಂಟೆಯಲ್ಲಿಯೇ ಕೈಬದಲಾಗುತ್ತದೆಂಬುದನ್ನು ನಮ್ಮ ಸಂತೆಗಳ ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಗ್ರಾಹಕನು ಸರಕನ್ನು ಪರೀಕ್ಷಿಸುವ ಕ್ರಮ ಗಮನಾರ್ಹವಾದುದು. ಕಾರನ್ನು ಕೈಗೆತ್ತಿಕೊಂಡವನು ಮೊದಲು ಅದನ್ನು ತಲೆಕೆಳಗು ಮಾಡುತ್ತಾನೆ. ತಯಾರಕರ ಹೆಸರು, ದೇಶ, ಕ್ರಮಸಂಖ್ಯೆ ಇವೆಲ್ಲ ಇರುವುದು ತಳದಲ್ಲಿ. ತಳವನ್ನು ಮೈಗೆ ಬಂಧಿಸಿರುವ ರಿವೆಟ್ಟಿನ ತಲೆಯನ್ನು ಕೊರೆದ ಗುರುತಿದ್ದರೆ, ಕಾರನ್ನು ಬಿಚ್ಚಿ ಹೊಸ ಬಣ್ಣ ಬಳಿದಿರುವ ಸಂಶಯ ಮೂಡುತ್ತದೆ. ಅದಾದ ಮೇಲೆ ಟೈರು, ಗಾಲಿ, ಕಡೆಗೆ ಪೆಟ್ಟಿಗೆ.

ಈ ಪೆಟ್ಟಿಗೆಯ ಕಥೆ ವ್ಯಾಪಾರಿಗಳು ಕೇಳಬೇಕಾದುದು. ಲಿವರ್‌ಪೂಲಿನ ಮೆಕ್ಯಾನೋ ಸಂಸ್ಥೆಯು 1934ರಲ್ಲಿ 'ಡಿಂಕಿ ಟಾಯ್ಸ್' ಎಂಬ ಹೆಸರನ್ನು ಬಳಕೆಗೆ ತಂದಿತು. ಆಟಿಕೆ ರೈಲಿನ ಜೊತೆಗಿಡುವ ಸಾಮಗ್ರಿಯಾಗಿ ಹುಟ್ಟಿದ್ದರಿಂದಲೇ ಇವುಗಳ ಅಳತೆ ಆ ರೈಲಿಗೆ ಹೊಂದಿಕೊಂಡಿತು. ಇಂದಿಗೂ ಪ್ರಚಲಿತವಿರುವ 1:43 ಎಂಬ ವಿಚಿತ್ರ ಪ್ರಮಾಣದ ಮೂಲ ಅದೇ. ಮೊದಮೊದಲು ಹಲವು ಕಾರುಗಳು ಅಂಗಡಿಗೆ ಅರ್ಧ ಡಜನ್‌ನ ಕಟ್ಟುಗಳಲ್ಲಿ ಬರುತ್ತಿದ್ದವು. ಅಂಗಡಿಯವನು ಒಂದೊಂದನ್ನೇ ತೆಗೆದು ಮಾರಿ ರಟ್ಟಿನ ಡಬ್ಬಿಯನ್ನು ಎಸೆದುಬಿಡುತ್ತಿದ್ದನು. ಕಾರಿಗೊಂದು ಪೆಟ್ಟಿಗೆಯ ಪದ್ಧತಿ ವ್ಯಾಪಕವಾದುದು 1950ರ ದಶಕದಲ್ಲಿ. ಒಳಗಿನ ಕಾರಿನ ಬಣ್ಣ ತಿಳಿಯಲೆಂದು ಹಳದಿ ಪೆಟ್ಟಿಗೆಯ ಮೇಲೆ ಅದೇ ಬಣ್ಣದ ಸಣ್ಣ ಚುಕ್ಕೆಯನ್ನು ಮುದ್ರಿಸಲಾಗುತ್ತಿತ್ತು. ದಾಸ್ತಾನು ಹುಡುಕುವವನ ಅನುಕೂಲಕ್ಕೆ ಹಾಕಿದ ಆ ಚುಕ್ಕೆಯೇ ಇಂದು ಸಾಕ್ಷ್ಯ. ಚುಕ್ಕೆ ಹಸಿರು, ಕಾರು ಕೆಂಪು ಎಂದಾದರೆ ಬೆಲೆ ಕುಸಿಯಿತೆಂದೇ ಅರ್ಥ. ಆದ್ದರಿಂದ ಕಾರಿಲ್ಲದ ಬರಿಯ ಪೆಟ್ಟಿಗೆಗೂ ಗಿರಾಕಿಗಳಿದ್ದಾರೆ. ನಕಲು ಪೆಟ್ಟಿಗೆ ಅಚ್ಚುಹಾಕುವವರೂ ಇದ್ದಾರೆ. ನಕಲೆಂದು ಹೇಳಿ ಮಾರುವುದು ಇಲ್ಲಿ ತಪ್ಪಲ್ಲ, ಹೇಳದೆ ಮಾರಿದವನ ಮೇಜಿನ ಬಳಿ ಮರುಸಲ ಯಾರೂ ಸುಳಿಯುವುದಿಲ್ಲ.

ಹಣ ಕೊಟ್ಟರೂ ಸರಿಪಡಿಸಲಾಗದ ದೋಷವೊಂದಿದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅನೇಕ ಡಿಂಕಿಗಳು, ಯಾರೂ ಮುಟ್ಟದೆ ಕಪಾಟಿನಲ್ಲಿದ್ದರೂ, ಉಬ್ಬಿ ಬಿರುಕುಬಿಟ್ಟು ಪುಡಿಯಾಗುತ್ತವೆ. ಇವು ಸತುವಿನ ಮಿಶ್ರಲೋಹದ ಎರಕಗಳು. ನೂರರಲ್ಲಿ ಸುಮಾರು 4 ಭಾಗ ಅಲ್ಯೂಮಿನಿಯಂ, ಉಳಿದುದು ಬಹುತೇಕ ಸತು. ಇದರಲ್ಲಿ ಸೀಸ ಅಥವಾ ತವರ ಲೇಶಮಾತ್ರ ಬೆರೆತರೂ ಲೋಹದ ಕಣಗಳ ನಡುವೆ ಸವಕಳಿ ಆರಂಭವಾಗುತ್ತದೆ. ಈಗಿನ ಮಾನಕಗಳು ಸೀಸಕ್ಕೆ ವಿಧಿಸುವ ಮಿತಿ ಶೇ. 0.005ರ ಆಸುಪಾಸಿನದು. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಸತುವಿನ ಡೈ ಕಾಸ್ಟಿಂಗ್ ನಡೆಸುವ ಉದ್ದಿಮೆದಾರರಿಗೆ ಇದು ಆಟಿಕೆಯ ಮಾತಷ್ಟೇ ಅಲ್ಲ. ಬೆಸುಗೆಯ ಸೀಸ ಅಂಟಿದ ಗುಜರಿಯನ್ನು ಒಂದು ಹಿಡಿ ಕರಗಿಸುವ ಪಾತ್ರೆಗೆ ಹಾಕಿದರೆ ಅಂದಿನ ಎರಕ ಲಕ್ಷಣವಾಗಿಯೇ ಹೊರಬರುತ್ತದೆ. ದೋಷ ತೋರುವುದು ವರ್ಷಗಳು ಕಳೆದ ಮೇಲೆ, ಗ್ರಾಹಕನ ಮನೆಯಲ್ಲಿ.

ಈ ಮೇಳಗಳಲ್ಲಿ ಭಾರತದ ಹೆಸರೂ ಕೇಳಿಬರುತ್ತದೆ. ಇಂತಹ ಉದ್ದಿಮೆಯಲ್ಲಿ ಹೆಚ್ಚಿನ ಬಂಡವಾಳ ತೊಡಗುವುದು ಅಚ್ಚಿನ ಮೇಲೆ. ಹೊಸ ಮಾದರಿಗಳು ಬಂದಾಗ ಹಳೆಯ ಅಚ್ಚುಗಳು ಸವೆಯದಿದ್ದರೂ ಮೂಲೆ ಸೇರುತ್ತವೆ. ಹಾಗೆ ಮೂಲೆ ಸೇರಿದ ಕೆಲವು ಡಿಂಕಿ ಅಚ್ಚುಗಳು 1960ರ ದಶಕದ ಕೊನೆಯ ಭಾಗದಲ್ಲಿ ಕಲ್ಕತ್ತವನ್ನು ಸೇರಿದವು. ಅಲ್ಲಿ ಅವುಗಳಿಂದ ಜಾಗ್ವಾರ್ ಇ-ಟೈಪ್, ಎಂಜಿಬಿ, ಫೋಕ್ಸ್‌ವ್ಯಾಗನ್ 1500 ಮುಂತಾದವು 'ನಿಕಿ ಟಾಯ್ಸ್' ಎಂಬ ಹೆಸರಿನಲ್ಲಿ ತಯಾರಾದವು. ಮುಂದೆ ಬ್ಲೋ ಪ್ಲಾಸ್ಟ್ ಸಂಸ್ಥೆಯ ಲಿಯೋ, ಅಮೆರಿಕದ ಮ್ಯಾಟೆಲ್ ಜೊತೆಗೂಡಿ ಹಾಟ್ ವೀಲ್ಸ್ ಕಾರುಗಳನ್ನು ಭಾರತದಲ್ಲಿಯೇ ತಯಾರಿಸಿತು. ಬೇರೆಲ್ಲಿಯೂ ಕಾಣದ ಬಣ್ಣಗಳಿಂದಾಗಿ ಲಿಯೋ ಕಾರುಗಳನ್ನು ಹೊರದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಯಾವ ಮಾದರಿ ಯಾವೆಲ್ಲ ಬಣ್ಣಗಳಲ್ಲಿ ಬಂದಿತೆಂಬ ಪಟ್ಟಿಯನ್ನು ಸಂಗ್ರಾಹಕರೇ ಉಳಿದ ಕಾರುಗಳನ್ನು ಒಂದರ ಪಕ್ಕ ಒಂದಿಟ್ಟು ಹೊಂದಿಸಿಕೊಂಡಿದ್ದಾರೆ. ಕಾರ್ಖಾನೆಯ ದಫ್ತರದಲ್ಲಿ ಒಂದು ಸಾಲು ಬರೆದಿಟ್ಟು, ಬಣ್ಣಕ್ಕೊಂದರಂತೆ ಮಾದರಿಯನ್ನು ಪೆಟ್ಟಿಗೆಸಹಿತ ಉಳಿಸಿಕೊಳ್ಳಲು ತಗಲುವ ವೆಚ್ಚ ಒಂದು ಕಪಾಟಿನಷ್ಟು ಮಾತ್ರ.

ಭಾರತವು ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿಸಿತು, 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯವಾಯಿತು. ಇದರಿಂದ ದೇಶೀಯ ತಯಾರಕರಿಗೆ ಅವಕಾಶ ತೆರೆದುದು ನಿಜ. ಆದರೆ ಸಂಗ್ರಾಹಕನೆಂಬ ಗ್ರಾಹಕನನ್ನು ಸುಂಕದ ಗೋಡೆಯಿಂದ ಗೆಲ್ಲಲಾಗದು. ಬಾಗಿಲಿನ ಸಂದು, ಗಾಲಿಯ ಅಳತೆ, ಬಣ್ಣದ ದಪ್ಪ, ತಳದ ಅಕ್ಷರ ಇವನ್ನು ಅವನು ಭೂತಗನ್ನಡಿಯಲ್ಲಿ ನೋಡುತ್ತಾನೆ.

ಡಿಂಕಿಯ ಲಿವರ್‌ಪೂಲ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ಮ್ಯಾಚ್‌ಬಾಕ್ಸ್ ಕಾರುಗಳ ಲೆಸ್ನಿ ಸಂಸ್ಥೆ 1982ರಲ್ಲಿ ದಿವಾಳಿಯಾಯಿತು. ಅವುಗಳ ಸರಕು ಮಾತ್ರ ಇಂದಿಗೂ ಮೇಜಿನಿಂದ ಮೇಜಿಗೆ ಸಾಗುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಜನ ಕರಗಿದಾಗ ವರ್ತಕರು ಉಳಿದುದನ್ನು ಕಾಗದದಲ್ಲಿ ಸುತ್ತತೊಡಗುತ್ತಾರೆ. ಚೌಕಾಸಿಗೆ ಅದೇ ತಕ್ಕ ವೇಳೆಯೆಂದು ಕಾದು ನಿಲ್ಲುವ ಗಿರಾಕಿಗಳೂ ಇದ್ದಾರೆ.