ಕಂಬದೊಳಗಿನ ಉಂಗುರ

ನೈರೋಬಿಯ ನಡುಭಾಗದಲ್ಲಿ, ನಾರ್ವೆಯ ಕಾರ್ಲ್ ಹೆನ್ರಿಕ್ ನೋಸ್ಟ್‌ವಿಕ್ ಮತ್ತು ಕೆನ್ಯಾದ ಡೇವಿಡ್ ಮುಟಿಸೊ ಎಂಬ ವಾಸ್ತುಶಿಲ್ಪಿಗಳ ಕಲ್ಪನೆಯಲ್ಲಿ ಮೂಡಿ 1973ರಲ್ಲಿ ಪೂರ್ಣಗೊಂಡ ಕೆನ್ಯಾಟಾ ಸಮಾವೇಶ ಕೇಂದ್ರದ ಗೋಪುರವನ್ನು ಕತ್ತೆತ್ತಿ ನೋಡುವವನು ಅದರ 28 ಅಂತಸ್ತುಗಳನ್ನು ಎಣಿಸಿಯಾನು, ಶಿಖರವನ್ನು ಮೆಚ್ಚಿಯಾನು. ಅಷ್ಟು ಭಾರವನ್ನು ಅರ್ಧ ಶತಮಾನ ಹೊತ್ತ ಕಾಂಕ್ರೀಟಿನ ವಿಚಾರ ಅವನ ಮನಸ್ಸಿಗೆ ಬರುವುದು ಅಪೂರ್ವ.

ಅದೇ ನಗರದ ಹುರುಮಾ ಬಡಾವಣೆಯಲ್ಲಿ, ನದಿಯ ಅಂಚಿಗೆ ಎದ್ದುನಿಂತಿದ್ದ, ಕೆಡವಬೇಕೆಂದು ಅಧಿಕಾರಿಗಳು ಮೊದಲೇ ಗುರುತು ಹಾಕಿದ್ದ ಬಹುಮಹಡಿ ವಠಾರವೊಂದು 2016ರ ಏಪ್ರಿಲ್ 29ರ ರಾತ್ರಿ ಧಾರಾಕಾರ ಮಳೆಯಲ್ಲಿ ಕುಸಿದುಬಿದ್ದು, 50ಕ್ಕೂ ಹೆಚ್ಚು ಜನರು ಅಸುನೀಗಿದರು. ಸುಮಾರು 80 ಗಂಟೆಗಳ ಬಳಿಕ ಅವಶೇಷದೊಳಗಿಂದ ಹಸುಗೂಸೊಂದು ಜೀವಂತವಾಗಿ ಹೊರಬಂದಿತು. 2019ರ ಡಿಸೆಂಬರಿನಲ್ಲಿ ಅದೇ ನಗರದ ಎಂಬಕಾಸಿಯ ತಾಸಿಯಾದಲ್ಲಿ ಮತ್ತೊಂದು ಕಟ್ಟಡ ಬಿತ್ತು. ಅದೇ ವರ್ಷದ ಮಾರ್ಚ್ 19ರಂದು ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟುತ್ತಿದ್ದ ಕಟ್ಟಡವೇ ನೆಲಕ್ಕೊರಗಿತ್ತು. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವ ಎರೆಮಣ್ಣು ಈ ಎರಡು ಊರುಗಳಿಗೂ ಹೊಸದಲ್ಲ. ಆದುದರಿಂದ ಇಂಥ ಅವಘಡಗಳಲ್ಲಿ ದೂರು ಮೊದಲು ಮಣ್ಣಿಗೂ ಮಳೆಗೂ ಹೋಗುತ್ತದೆ. ಅವುಗಳ ಪಾಲು ಎಷ್ಟೇ ಇರಲಿ, ಮೇಲಿನ ಹೊರೆಯನ್ನು ತಾಳಬೇಕಾದುದು ಕಂಬ ತಾನೆ?

ಕಾಂಕ್ರೀಟು ಒತ್ತಡವನ್ನು ಸಹಿಸುವುದರಲ್ಲಿ ಶೂರ, ಎಳೆತಕ್ಕೆ ಹೇಡಿ. ಎಳೆತದಲ್ಲಿ ಅದರ ಶಕ್ತಿ ಸ್ಥೂಲವಾಗಿ ಹತ್ತನೆಯ ಒಂದು ಪಾಲು. ಹಾಗಿದ್ದರೆ ಕೇವಲ ಒತ್ತಡಕ್ಕೊಳಗಾಗುವ ಕಂಬಕ್ಕೆ ಉಕ್ಕೇಕೆ ಎಂದು ಕೇಳಬಹುದು. 9 ಅಂಗುಲಕ್ಕೆ 12 ಅಂಗುಲದ, ಎಂ-20 ದರ್ಜೆಯ ಕಾಂಕ್ರೀಟಿನ ಗಿಡ್ಡ ಕಂಬದಲ್ಲಿ 16 ಮಿಲಿಮೀಟರಿನ ನಾಲ್ಕು ಸರಳುಗಳನ್ನು ನಿಲ್ಲಿಸಿದರೆ, ಭಾರತೀಯ ಕಟ್ಟಡ ನಿರ್ಮಾಣ ಸಂಹಿತೆಯ ಸೂತ್ರದಂತೆ ಅದರ ಅಂತಿಮ ಸಾಮರ್ಥ್ಯ ಸುಮಾರು 78 ಟನ್ನು. ಕಂಬದ ಅಡ್ಡಕೊಯ್ತದಲ್ಲಿ ನೂರರಲ್ಲಿ ಒಂದು ಪಾಲಿಗಿಂತ ತುಸುವೇ ಹೆಚ್ಚಿರುವ ಆ ಉಕ್ಕು, ಹೊರೆಯ ನಾಲ್ಕನೆಯ ಒಂದು ಪಾಲಿಗೂ ಮಿಗಿಲಾದುದನ್ನು ತನ್ನ ಹೆಗಲಿಗೇರಿಸಿಕೊಳ್ಳುತ್ತದೆ. ಸುಲಭವಾಗಿ ಸುರಿಯಲೆಂದು ಮೇಸ್ತ್ರಿ ಮಿಶ್ರಣಕ್ಕೆ ಇನ್ನೊಂದು ಬಕೀಟು ನೀರು ಹೊಯ್ದರೆ ಈ ಲೆಕ್ಕವೆಲ್ಲ ಕಾಗದದಲ್ಲಿಯೇ ಉಳಿಯುವುದು, ಅದು ಬೇರೆ ಮಾತು.

ಆದರೆ ದಪ್ಪ ಸರಳಿಗಿಂತ, ಅದನ್ನು ಸುತ್ತುವ ತೆಳ್ಳನೆಯ ಉಂಗುರದ ಮೇಲೆಯೇ ನನ್ನ ಮಮತೆ. ಕಬ್ಬಿನ ಜಲ್ಲೆಯೊಂದನ್ನು ನಿಲ್ಲಿಸಿ ತಲೆಯ ಮೇಲೆ ಒತ್ತಿದರೆ ಅದು ಬಾಗಿಹೋಗುತ್ತದೆ. ನಾಲ್ಕನ್ನು ಒಟ್ಟುಗೂಡಿಸಿ ಮೊಳಕ್ಕೊಂದು ಕಟ್ಟು ಬಿಗಿದರೆ ಅದೇ ಜಲ್ಲೆ ಹೊರೆಯನ್ನು ತಾಳುತ್ತದೆ. ಉಂಗುರಗಳ ಅಂತರ ಇಮ್ಮಡಿಯಾದರೆ ತೆಳು ಸರಳನ್ನು ಬಾಗಿಸಲು ನಾಲ್ಕನೆಯ ಒಂದು ಪಾಲಿನ ಹೊರೆ ಸಾಕೆಂಬುದು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಸೂತ್ರದಿಂದ ಸಿದ್ಧವಾದ ಸಂಗತಿ. ಮೇಲೆ ಹೇಳಿದ ಕಂಬದಲ್ಲಿ ಸಂಹಿತೆಯು ಒಪ್ಪುವ ಅಂತರ ಹೆಚ್ಚೆಂದರೆ 230 ಮಿಲಿಮೀಟರು, ಎಂದರೆ ಒಂದು ಗೇಣು.

ಉಂಗುರಕ್ಕೆ ಮತ್ತೊಂದು ಕೆಲಸವೂ ಉಂಟು. ತುಂಬಿದ ರಾಗಿಚೀಲದ ಮೇಲೆ ಕುಳಿತರೆ ಅದು ಪಕ್ಕಕ್ಕೆ ಉಬ್ಬುವಂತೆ, ಅತಿಭಾರಕ್ಕೆ ಸಿಲುಕಿದ ಕಾಂಕ್ರೀಟು ಪಾರ್ಶ್ವಕ್ಕೆ ಹಿಗ್ಗಿ ಸಿಡಿಯುತ್ತದೆ. ಆ ಹಿಗ್ಗನ್ನು ತಡೆದರೆ ಅದರ ಶಕ್ತಿ ಇನ್ನಷ್ಟು ಏರುತ್ತದೆಂದು ಫ್ರಾನ್ಸಿನ ಎಂಜಿನಿಯರ್ ಕಾನ್ಸಿದೇರ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸುರುಳಿ ಸುತ್ತಿದ ಕಂಬಗಳಿಂದ ತೋರಿಸಿದನು. 1928ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅದನ್ನು ಅಳೆದು, ಪಕ್ಕದಿಂದ ಅದುಮುವ ಒತ್ತಡದ ಸುಮಾರು ನಾಲ್ಕು ಪಟ್ಟು ಬಲ ಕೂಡುವುದೆಂದು ಕಂಡರು.

ನೈರೋಬಿಯಲ್ಲಿ ಫುಂಡಿಯೆಂದೂ ನಮ್ಮಲ್ಲಿ ಮೇಸ್ತ್ರಿಯೆಂದೂ ಕರೆಸಿಕೊಳ್ಳುವ ಕುಶಲಕರ್ಮಿ ಉಂಗುರದ ತುದಿಯನ್ನು ಲಂಬಕೋನಕ್ಕೆ ಬಾಗಿಸಿ ನಿಲ್ಲಿಸಿದರೂ ಹೊರನೋಟಕ್ಕೆ ಕೊರತೆ ಕಾಣದು. ಆದರೆ ಹೊರಪದರ ಕಳಚಿಬಿದ್ದ ಗಳಿಗೆಯಲ್ಲಿ ಅಂಥ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನು ಇನ್ನೂ 45 ಅಂಶ ಒಳಕ್ಕೆ ಮಡಿಸಿ, ಕಂಬದ ಗರ್ಭಕ್ಕೆ ನೆಡಬೇಕು. ಹಾಗೆ ಮಡಿಸುವುದಕ್ಕೆ ಬೇಕಾದುದು ಕೈಯ ಇನ್ನೊಂದು ತಿರುವು, ಬೆರಳುದ್ದದ ಸರಳು, ಮತ್ತು ಕಾಂಕ್ರೀಟು ಬೀಳುವ ಮುನ್ನ ಬಂದು ನೋಡುವ ಒಬ್ಬನು.